ನರಗಂಟಿನಲ್ಲಿ ಕುಳಿತ ವೈರಸ್ಸು, ಕೈಗೆಟುಕದ ಜೀನ್ ಹನಿ: ಮಾಟುಂಗಾದ ಒಂದು ಪ್ರಕರಣ

ಬಂದಾಗ ಕಂಡದ್ದು

ರೋಗಿ 47 ವರ್ಷದ ಗಂಡಸು. ಕುಂದಾಪುರ ಕಡೆಯವರು, ಮುಂಬಯಿಯ ಮಾಟುಂಗಾದ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವ ಕೆಲಸ. ಹೆಂಡತಿ ಊರಿನಲ್ಲಿದ್ದಾರೆ, ಮಗ ಐರೋಳಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾನೆ. ಬಲಗಣ್ಣು ಕೆಂಪಾಗಿ, ನೀರು ಸುರಿಯುತ್ತ, ಬೆಳಕಿಗೆ ತೆರೆಯಲಾಗದ ಸ್ಥಿತಿಯಲ್ಲಿ ಅವರು ನಮ್ಮ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ವಿಭಾಗಕ್ಕೆ ಬಂದಾಗ ತೊಂದರೆ ಶುರುವಾಗಿ ಹನ್ನೆರಡು ದಿನಗಳಾಗಿದ್ದವು.

ಮೊದಲ ಎರಡು ದಿನ ಕೆಲಸ ಬಿಟ್ಟಿರಲಿಲ್ಲ. ಮೂರನೆಯ ದಿನ ಔಷಧ ಅಂಗಡಿಯೊಂದರಲ್ಲಿ ಕಣ್ಣು ಕೆಂಪಾಗಿದೆ ಎಂದು ಹೇಳಿ ಹನಿ ಮದ್ದು ಕೊಂಡರು. ಅದರಲ್ಲಿ ಆಂಟಿಬಯಾಟಿಕ್ ಜೊತೆಗೆ ಸ್ಟೀರಾಯ್ಡ್ ಇತ್ತು. ಹಾಕಿದ ಮರುದಿನವೇ ಕೆಂಪು ಇಳಿಯಿತು, ನೋವೂ ತಗ್ಗಿತು. ಜನ ಮೋಸಹೋಗುವುದು ಇಲ್ಲಿಯೇ. ಇಲ್ಲಿ ಕಾರಣವಾಗಿದ್ದ ಹರ್ಪಿಸ್ ವೈರಸ್ಸಿನ ವಿರುದ್ಧ ದೇಹ ಹೂಡಿದ ಪ್ರತಿರೋಧವನ್ನು ಸ್ಟೀರಾಯ್ಡ್ ಅಡಗಿಸುತ್ತದೆ. ಉರಿಯೂತ ಇಳಿದು ಕಣ್ಣು ಬೆಳ್ಳಗಾಗುತ್ತದೆ, ಅದರ ಮರೆಯಲ್ಲಿ ವೈರಸ್ಸು ತಡೆಯಿಲ್ಲದೆ ಹರಡುತ್ತದೆ. ವಾರ ಕಳೆಯುವಷ್ಟರಲ್ಲಿ ಇವರಿಗೆ ಎದುರು ನಿಂತವರ ಮುಖ ಮಸುಕಾಗತೊಡಗಿತು.

ಬಲಗಣ್ಣಿನ ದೃಷ್ಟಿ 6/60, ಎಂದರೆ ಸರಿಯಾದ ಕಣ್ಣು 60 ಮೀಟರಿನಿಂದ ಓದುವ ಅಕ್ಷರ ಇವರಿಗೆ 6 ಮೀಟರಿನಿಂದ ಮಾತ್ರ ಕಾಣುತ್ತಿತ್ತು. ಫ್ಲೋರೆಸೀನ್ ಬಣ್ಣ ಹಾಕಿ ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದ ನೀಲಿ ಬೆಳಕಿನಲ್ಲಿ ನೋಡಿದಾಗ ಕಾರ್ನಿಯಾದ ನಡುವೆ ಅಂಕುಡೊಂಕು ಅಂಚಿನ ದೊಡ್ಡ ಹುಣ್ಣು ಹಸಿರಾಗಿ ಕಂಡಿತು. ಹರ್ಪಿಸ್‌ನ ಗುರುತಾದ ಕವಲು ಕವಲಿನ ಗೆರೆಗಳು ಅಂಚಿನಲ್ಲಿ ಒಂದೆರಡು ಕಡೆ ಮಾತ್ರ ಉಳಿದಿದ್ದವು. ಸ್ಟೀರಾಯ್ಡ್ ಬೀಳದಿದ್ದರೆ ಆ ಸಣ್ಣ ಕವಲುಗಳಲ್ಲೇ ರೋಗ ನಿಲ್ಲುತ್ತಿತ್ತೋ ಏನೋ. ಹತ್ತಿಯ ಎಳೆ ತಾಕಿಸಿದಾಗ ಎಡಗಣ್ಣು ತಕ್ಷಣ ಮಿಟುಕಿತು, ಬಲಗಣ್ಣು ಮಿಟುಕಿದ್ದು ತಡವಾಗಿ, ಅದೂ ಅರೆಮನಸ್ಸಿನಿಂದ. ಕಾರ್ನಿಯಾದ ಸ್ಪರ್ಶ ಕುಂದಿದೆ ಎಂದರೆ ಅದರ ನರಕ್ಕೆ ಪೆಟ್ಟು ಬಿದ್ದಿದೆ, ಬಹುಶಃ ಇದು ಮೊದಲ ಸಲವಲ್ಲ ಎಂದು ಅರ್ಥ. ಕೇಳಿದಾಗ ಹೊರಬಂತು: ಊರಿನಲ್ಲಿದ್ದಾಗ ಒಮ್ಮೆ, ಮುಂಬಯಿಗೆ ಬಂದ ಮೇಲೆ ಒಮ್ಮೆ, ಇದೇ ಕಣ್ಣಿಗೆ ಹೀಗೇ ಆಗಿತ್ತು.

ನಮ್ಮ ಹವೆಯಲ್ಲಿ ಕಾರ್ನಿಯಾದ ಹುಣ್ಣು ಎಂದರೆ ಶಿಲೀಂಧ್ರದ ಸೋಂಕನ್ನು ಮೊದಲು ತಳ್ಳಿಹಾಕಬೇಕು. ಹುಣ್ಣಿನ ಅಂಚನ್ನು ಕೆರೆದು ತೆಗೆದ ಮಾದರಿಯ ಕೆಒಎಚ್ ಪರೀಕ್ಷೆಯಲ್ಲಿ ಶಿಲೀಂಧ್ರ ಕಾಣಲಿಲ್ಲ. ಪಿಸಿಆರ್ ಪರೀಕ್ಷೆಯಲ್ಲಿ ಹರ್ಪಿಸ್ ಸಿಂಪ್ಲೆಕ್ಸ್ ಮೊದಲನೆಯ ಬಗೆಯ ವೈರಸ್ಸಿನ ಡಿಎನ್ಎ ಸಿಕ್ಕಿತು.

ಆ ಹೆಸರು ಕೇಳಿದೊಡನೆ ಅವರು ತಲೆ ತಗ್ಗಿಸಿದರು. ಹರ್ಪಿಸ್ ಎಂದರೆ ನಡತೆಗೆಟ್ಟವರಿಗೆ ಬರುವ ರೋಗ ಎಂದು ಜೊತೆಗಾರರು ಹೇಳಿದ್ದರಂತೆ. ಈ ವೈರಸ್ಸು ಹೆಚ್ಚಿನವರಿಗೆ ತಗಲುವುದು ಬಾಲ್ಯದಲ್ಲಿ, ಮನೆಯವರ ಎಂಜಲಿನ ಮೂಲಕ, ಮುದ್ದಿಸುವಾಗಲೋ ಒಂದೇ ಲೋಟದಲ್ಲಿ ಕುಡಿಯುವಾಗಲೋ. ಇದನ್ನು ಅವರಿಗೆ ಒಂದಲ್ಲ, ಮೂರು ಸಲ ಹೇಳಿದೆ. ನಾಚಿಕೆಗೆ ಅಂಜಿ ಮದ್ದು ಬಿಟ್ಟವರನ್ನು ನಮ್ಮ ವಿಭಾಗ ಕಂಡಿದೆ. ಊರಿನಲ್ಲಿ ಮತ್ತೊಂದು ಗೊಂದಲವಿತ್ತು. ಹೆಂಡತಿ ಮತ್ತು ಅತ್ತೆ ಇದನ್ನು ಸರ್ಪಸುತ್ತು ಎಂದುಕೊಂಡು ನಾಗನಿಗೆ ತಂಬಿಲದ ಪೂಜೆ ಹೇಳಿಕೊಂಡಿದ್ದರು. ಸರ್ಪಸುತ್ತು ಬರುವುದು ಇದೇ ಕುಟುಂಬದ ಬೇರೆ ವೈರಸ್ಸಿನಿಂದ, ಚಿಕನ್ ಪಾಕ್ಸ್‌ಗೆ ಕಾರಣವಾದದ್ದರಿಂದ. ತಂಬಿಲ ಕೊಡಿಸಲಿ, ಮುಲಾಮನ್ನು ಮಾತ್ರ ಹೊತ್ತಿಗೆ ಸರಿಯಾಗಿ ಹಾಕಲಿ ಎಂದು ಫೋನಿನಲ್ಲಿ ಹೇಳಿದೆ. ಅವರು ಒಪ್ಪಿದರು.

ಮೊದಲ ಹಂತದ ಚಿಕಿತ್ಸೆ

ಸ್ಟೀರಾಯ್ಡ್ ಹನಿ ಅಂದೇ ನಿಂತಿತು. ಶೇ 3ರ ಎಸೈಕ್ಲೋವಿರ್ ಕಣ್ಣಿನ ಮುಲಾಮು ದಿನಕ್ಕೆ ಐದು ಬಾರಿ, ಹುಣ್ಣು ದೊಡ್ಡದಾಗಿದ್ದರಿಂದ ಜೊತೆಗೆ 400 ಮಿಲಿಗ್ರಾಂ ಮಾತ್ರೆಯೂ ಐದು ಬಾರಿ. ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯೇಟಿನಿನ್ ನೋಡಿದೆವು, ಸರಿಯಿತ್ತು.

ಹೇಳುವುದು ಸುಲಭ, ಹಾಕಿಕೊಳ್ಳುವುದು ಕಷ್ಟ. ನಸುಕಿನ ನಾಲ್ಕೂವರೆಗೆ ಅಡುಗೆಮನೆಗೆ ಇಳಿಯುವವರು ಅವರು. ಮುಲಾಮು ಹಾಕಿದರೆ ಅರ್ಧ ಗಂಟೆ ಕಣ್ಣು ಮಂಜು, ಆ ಸ್ಥಿತಿಯಲ್ಲಿ ಕಾದ ಕಾವಲಿಯ ಮುಂದೆ ನಿಲ್ಲುವಂತಿಲ್ಲ. ಇರುವುದು ಆರು ಮಂದಿ ಮಲಗುವ ಕೋಣೆಯಲ್ಲಿ, ಕನ್ನಡಿ ಒಂದೇ, ಬೈರಾಸು ಯಾರದು ಯಾರದೋ. ಹೋಟೆಲಿನ ಧನಿಗೆ ಚೀಟಿ ಬರೆದುಕೊಟ್ಟೆ. ಅವರು ಎರಡು ವಾರ ರಜೆ ಕೊಟ್ಟದ್ದಲ್ಲದೆ ಸಂಬಳವನ್ನೂ ಹಿಡಿಯಲಿಲ್ಲ. ಆ ರಜೆ ಸಿಗದಿದ್ದರೆ ಐದು ಬಾರಿಯ ಮುಲಾಮು ಎರಡಕ್ಕೆ ಇಳಿಯುತ್ತಿತ್ತು ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಹದಿನಾರನೆಯ ದಿನಕ್ಕೆ ಹುಣ್ಣು ಮುಚ್ಚಿತು. ನಡುವೆ ಮಸುಕಾದ ಕಲೆ ಉಳಿಯಿತು, ದೃಷ್ಟಿ 6/24ಕ್ಕೆ ಬಂತು.

ಎಸೈಕ್ಲೋವಿರ್ ಕೂಡ ವೈರಸ್ಸಿನ ಡಿಎನ್ಎಯನ್ನೇ ಗುರಿಯಾಗಿಸುವ ಮದ್ದು ಎಂಬುದು ಮುಂದಿನ ಮಾತಿಗೆ ಬೇಕಾದ ವಿಷಯ. ವೈರಸ್ಸಿನದೇ ಆದ ಥೈಮಿಡಿನ್ ಕೈನೇಸ್ ಎಂಬ ಕಿಣ್ವ ಇದನ್ನು ಚುರುಕುಗೊಳಿಸುತ್ತದೆ. ಚುರುಕಾದ ಮದ್ದು ಹೊಸದಾಗಿ ಕಟ್ಟಲಾಗುತ್ತಿರುವ ಡಿಎನ್ಎ ಸರಪಳಿಗೆ ಸೇರಿಕೊಂಡು ಅದನ್ನು ಅಲ್ಲಿಗೇ ನಿಲ್ಲಿಸುತ್ತದೆ. ಸೋಂಕಿಲ್ಲದ ಕೋಶಕ್ಕೆ ಹಾನಿ ಕಡಿಮೆ. ಈ ಔಷಧ ರೂಪುಗೊಂಡ ಸಂಶೋಧನೆಯ ಹಿಂದಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಆದರೆ ಇದು ತಡೆಯುವುದು ಪ್ರತಿ ಮಾಡಿಕೊಳ್ಳುತ್ತಿರುವ ವೈರಸ್ಸನ್ನು ಮಾತ್ರ. ಹುಣ್ಣು ಮಾಯುತ್ತಿದ್ದಂತೆ ವೈರಸ್ಸು ಕಾರ್ನಿಯಾದ ನರದ ಹಾದಿ ಹಿಡಿದು ಕಿವಿಯ ಮುಂಭಾಗದ ಆಳದಲ್ಲಿ, ತಲೆಬುರುಡೆಯ ಒಳಗಿರುವ ಟ್ರೈಜೆಮಿನಲ್ ನರಗಂಟಿನಲ್ಲಿ ಉಳಿಯುತ್ತದೆ. ಅಲ್ಲಿ ಅದು ಪ್ರತಿ ಮಾಡುವುದಿಲ್ಲ, ಸುಮ್ಮನಿರುತ್ತದೆ. ಎಸೈಕ್ಲೋವಿರ್‌ಗೆ ಅಲ್ಲಿ ಕೆಲಸವೇ ಇಲ್ಲ. ಗದ್ದೆಯ ಬದುವಿನ ಗರಿಕೆಯನ್ನು ಎಷ್ಟು ಸಲ ಕೊಯ್ದರೂ ಬೇರು ಉಳಿದಿದ್ದರೆ ಮತ್ತೆ ಚಿಗುರುತ್ತದೆ ಎಂದು ರೋಗಿಗೆ ಹೇಳಿದಾಗ ಅವರಿಗೆ ಕೂಡಲೇ ಅರ್ಥವಾಯಿತು.

ಮಗ ತಂದ ಸುದ್ದಿ

ಮೂರನೆಯ ಭೇಟಿಗೆ ಮಗ ಜೊತೆಯಲ್ಲಿ ಬಂದ. ಮೊಬೈಲಿನಲ್ಲಿ ಎರಡು ಸುದ್ದಿ ತೆರೆದಿಟ್ಟುಕೊಂಡಿದ್ದ. "ಡಾಕ್ಟರೇ, ಅಮೆರಿಕದಲ್ಲಿ ಜೀನ್ ಇರುವ ಕಣ್ಣಿನ ಹನಿಯಿಂದ ಹುಡುಗನೊಬ್ಬನಿಗೆ ದೃಷ್ಟಿ ಬಂದಿದೆ. ಚೀನಾದಲ್ಲಿ ಅಪ್ಪನ ಕಾಯಿಲೆಗೇ ಜೀನ್ ಚಿಕಿತ್ಸೆ ಆಗಿದೆ. ನೀವು ಮಾತ್ರ ಹಳೆಯ ಮುಲಾಮನ್ನೇ ಬರೆಯುತ್ತಿದ್ದೀರಿ" ಎಂದ. ಕೊರಳಿನಲ್ಲಿ ಆಕ್ಷೇಪಕ್ಕಿಂತ ಅಳಲು ಹೆಚ್ಚಿತ್ತು. ಮಧ್ಯವರ್ತಿಯೊಬ್ಬ ಆ ಹನಿಯನ್ನು ವಿದೇಶದಿಂದ ತರಿಸಿಕೊಡುವುದಾಗಿ ಹೇಳಿ ಮುಂಗಡ ಕೇಳಿದ್ದ. ತಂದೆ ಕಟ್ಟುತ್ತಿದ್ದ ಚೀಟಿಯನ್ನು ಎತ್ತಿ ಆ ಹಣ ಕೊಡಲು ಮನೆಯವರು ಆಗಲೇ ಮಾತಾಡಿಕೊಂಡಿದ್ದರು.

ಎರಡೂ ಸುದ್ದಿ ನಿಜ. ಸುಳ್ಳು ಎಂದು ತಳ್ಳಿಬಿಟ್ಟರೆ ಅವರು ನೇರವಾಗಿ ಆ ಮಧ್ಯವರ್ತಿಯ ಬಳಿಗೆ ಹೋಗುತ್ತಾರೆ. ಹಾಗಾಗಿ ಹೊರರೋಗಿಗಳ ಸಾಲು ಮುಗಿದ ಮೇಲೆ ಕುಳಿತು ಒಂದೊಂದನ್ನೇ ಬಿಡಿಸಿದೆವು.

ಅಮೆರಿಕದ ಹುಡುಗನಿಗೆ ಇದ್ದದ್ದು ವೈರಸ್ ಸೋಂಕಲ್ಲ, ಹುಟ್ಟಿನಿಂದ ಬಂದ ಡಿಸ್ಟ್ರೋಫಿಕ್ ಎಪಿಡರ್ಮೊಲೈಸಿಸ್ ಬುಲ್ಲೋಸಾ. ಕಾಲಜನ್ 7 ಎಂಬ ಪ್ರೋಟೀನಿನ ಜೀನ್ ಕೆಟ್ಟಿರುವುದರಿಂದ ಚರ್ಮ ಗುಳ್ಳೆಯೇಳುತ್ತದೆ, ಕೆಲವರಿಗೆ ಕಣ್ಣಿನ ಮೇಲೂ ಗಾಯದ ಕಲೆ ಬೆಳೆಯುತ್ತದೆ. ಆ ಜೀನಿನ ಸರಿಯಾದ ಪ್ರತಿಯನ್ನು ಹೊತ್ತ ಚರ್ಮದ ಜೆಲ್‌ಗೆ 2023ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮಯಾಮಿಯ ವೈದ್ಯರು ವಿಶೇಷ ಅನುಮತಿ ಪಡೆದು ಅದೇ ಔಷಧವನ್ನು ಹನಿಯಾಗಿಸಿ, ಶಸ್ತ್ರಚಿಕಿತ್ಸೆಯಲ್ಲಿ ಕಲೆ ತೆಗೆದ ಬಳಿಕ ಹುಡುಗನ ಕಣ್ಣಿಗೆ ಹಾಕಿದರು. ದೃಷ್ಟಿ ಬಹುಮಟ್ಟಿಗೆ ಮರಳಿತು. ಇಲ್ಲಿ ಜೀನನ್ನು ಹೊತ್ತು ತರುವ ವಾಹಕ ಯಾವುದು ಗೊತ್ತೇ ಎಂದು ಮಗನನ್ನು ಕೇಳಿದೆ. ಹರ್ಪಿಸ್ ಸಿಂಪ್ಲೆಕ್ಸ್ ಮೊದಲನೆಯ ಬಗೆಯ ವೈರಸ್ಸೇ, ಸಂಖ್ಯೆ ಬೆಳೆಸಿಕೊಳ್ಳಲಾಗದಂತೆ ಅದರ ಜೀನುಗಳನ್ನು ತೆಗೆದುಹಾಕಿದ್ದು. ಅಪ್ಪನ ಕಣ್ಣು ಕೆಡಿಸಿದ ವೈರಸ್ಸಿನ ಬಂಧುವೇ ಅಲ್ಲಿ ಮದ್ದು ಹೊರುತ್ತಿದೆ! ಮಗ ಬಹಳ ಹೊತ್ತು ಸುಮ್ಮನಾದ. ಆ ಹನಿ ಸೇರಬೇಕಾದದ್ದು ಕಣ್ಣಿನ ಮೇಲ್ಮೈಗೆ, ಅದು ಸೇರಿಸಬೇಕಾದದ್ದು ಇಲ್ಲದ ಒಂದು ಪ್ರೋಟೀನನ್ನು. ನಮ್ಮ ರೋಗಿಯಲ್ಲಿ ಕೊರತೆಯೇನೂ ಇಲ್ಲ. ಇರಬಾರದ್ದು ಇದೆ, ಅದೂ ಮೇಲ್ಮೈಯಿಂದ ದೂರದಲ್ಲಿ.

ಚೀನಾದ ಕೆಲಸ ನಮ್ಮ ಪ್ರಕರಣಕ್ಕೆ ಹತ್ತಿರದ್ದು. ವೈರಸ್ಸಿಗೆ ಅತ್ಯಗತ್ಯವಾದ ಯುಎಲ್8 ಮತ್ತು ಯುಎಲ್29 ಎಂಬ ಎರಡು ಜೀನುಗಳನ್ನು ಕತ್ತರಿಸುವ ಕ್ರಿಸ್ಪರ್ ಸಲಕರಣೆಯನ್ನು, ಕೋಶದಲ್ಲಿ ಅಲ್ಪಕಾಲ ಮಾತ್ರ ಉಳಿಯುವ ಎಂಆರ್‌ಎನ್‌ಎ ರೂಪದಲ್ಲಿ, ವೈರಸ್ಸಿನಂಥ ಕಣಗಳಲ್ಲಿ ತುಂಬಿ ಶಾಂಘೈನ ಸಂಶೋಧಕರು ಇಲಿಗಳ ಕಾರ್ನಿಯಾಕ್ಕೆ ಕೊಟ್ಟರು. ಕಣಗಳು ನರದ ಹಾದಿಯಲ್ಲೇ ಹಿಂದಕ್ಕೆ ಸಾಗಿ ಟ್ರೈಜೆಮಿನಲ್ ನರಗಂಟನ್ನು ತಲುಪಿದವು ಎಂದು 2021ರಲ್ಲಿ ಪ್ರಕಟಿಸಿದರು. 2023ರಲ್ಲಿ ಮೂವರು ರೋಗಿಗಳ ವರದಿ ಬಂತು. ಮೂವರದೂ ಯಾವ ಮದ್ದಿಗೂ ಬಗ್ಗದ ಹರ್ಪಿಸ್, ಮೂವರಿಗೂ ಕಾರ್ನಿಯಾ ಕಸಿ ಆಗಿತ್ತು, ಜೊತೆಗೆ ಕಾರ್ನಿಯಾದೊಳಗೆ ಈ ಔಷಧದ ಒಂದು ಇಂಜೆಕ್ಷನ್. ಸರಾಸರಿ 18 ತಿಂಗಳ ಅವಧಿಯಲ್ಲಿ ರೋಗ ಮರುಕಳಿಸಲಿಲ್ಲ, ಗುರಿ ತಪ್ಪಿದ ಕತ್ತರಿಕೆಯೂ ಪತ್ತೆಯಾಗಲಿಲ್ಲ.

ಈ ವರದಿ ಓದಿ ನನಗೆ ನಿಜವಾದ ಸಂತೋಷವಾಗಿದೆ, ಅದನ್ನು ಅವರ ಮುಂದೆ ಮುಚ್ಚಿಡಲಿಲ್ಲ. ಹರ್ಪಿಸ್‌ನಿಂದ ಕಣ್ಣು ಕಳೆದುಕೊಂಡವರನ್ನು ವರ್ಷಗಟ್ಟಲೆ ನೋಡಿದ ಯಾರಿಗಾದರೂ ಬೇರಿನವರೆಗೆ ತಲುಪುವ ಮದ್ದಿನ ಕನಸು ಇದ್ದೇ ಇರುತ್ತದೆ. ಆದರೆ ರೋಗಿಗಳು ಮೂವರೇ, ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪಿಲ್ಲ, ಕಸಿ ಬೇರೆ ಆಗಿದೆ. ಕೊಟ್ಟದ್ದು ಇಂಜೆಕ್ಷನ್, ಹನಿಯಲ್ಲ. ನರಗಂಟಿನಲ್ಲಿ ಎಷ್ಟು ವೈರಸ್ಸು ಉಳಿಯಿತು ಎಂದು ನೋಡಲು ಬದುಕಿರುವ ಮನುಷ್ಯನ ನರಗಂಟನ್ನು ತೆಗೆಯಲಾಗುವುದಿಲ್ಲ.

"ಪುಣೆಯಲ್ಲಿಯೇ ಎಂಆರ್‌ಎನ್‌ಎ ಲಸಿಕೆ ಮಾಡಿದರಲ್ಲ, ಹನಿ ಮಾಡಲು ಏನು ಕಷ್ಟ?" ಎಂದು ಮಗ ಕೇಳಿದ. ಅಂದು ಕೇಳಿದ ಪ್ರಶ್ನೆಗಳಲ್ಲೆಲ್ಲ ಇದೇ ಒಳ್ಳೆಯದು. ಪುಣೆಯ ಜೆನ್ನೋವಾ ಸಂಸ್ಥೆಯ ಕೋವಿಡ್ ಲಸಿಕೆಗೆ 2022ರ ಜೂನ್‌ನಲ್ಲಿ ತುರ್ತು ಬಳಕೆಯ ಅನುಮತಿ ಸಿಕ್ಕಿದ್ದು ಹೌದು. ಲಸಿಕೆಯ ಕೆಲಸ ಸ್ನಾಯುವಿನ ಕೆಲವು ಕೋಶಗಳನ್ನು ಸೇರಿದರೆ ಮುಗಿಯಿತು, ಉಳಿದದ್ದನ್ನು ರೋಗನಿರೋಧಕ ವ್ಯವಸ್ಥೆ ಹೆಚ್ಚಿಸಿಕೊಳ್ಳುತ್ತದೆ. ಅಡಗಿದ ವೈರಸ್ಸನ್ನು ಕತ್ತರಿಸುವ ಮದ್ದಿಗೆ ಆ ಅನುಕೂಲವಿಲ್ಲ. ಯಾವ ನರಕೋಶವನ್ನು ಅದು ತಲುಪಲಿಲ್ಲವೋ ಅಲ್ಲಿ ವೈರಸ್ಸು ಉಳಿದೇ ಉಳಿಯುತ್ತದೆ.

ಹನಿಯ ಹಾದಿಯೂ ಕಠಿಣ. ಸೀಸೆಯಿಂದ ಬೀಳುವ ಒಂದು ಹನಿ 30ರಿಂದ 50 ಮೈಕ್ರೋಲೀಟರ್, ಕಣ್ಣಿನ ಮೇಲಿರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್ ಮಾತ್ರ. ಹೆಚ್ಚಿನ ಪಾಲು ಕೆನ್ನೆಗೆ ಇಳಿಯುತ್ತದೆ ಅಥವಾ ಮೂಗಿಗೆ ಹರಿಯುತ್ತದೆ. ಸಾಮಾನ್ಯ ಔಷಧದಲ್ಲೇ ಒಳಹೋಗುವುದು ಶೇ 5ಕ್ಕಿಂತ ಕಡಿಮೆ. ಆರ್‌ಎನ್‌ಎಯಂಥ ದೊಡ್ಡ, ವಿದ್ಯುದಾವೇಶವುಳ್ಳ ಅಣು ಕಾರ್ನಿಯಾದ ಹೊರಪದರವನ್ನು ಸುಲಭವಾಗಿ ದಾಟದು, ಕಣ್ಣೀರಿನ ಕಿಣ್ವಗಳು ಅದನ್ನು ಒಡೆದುಹಾಕುತ್ತವೆ. ಹುಣ್ಣಿದ್ದಾಗ ಹೊರಪದರ ಹರಿದಿರುತ್ತದೆ, ಆಗ ಒಂದಿಷ್ಟು ಒಳಹೋಗಬಹುದು. ಆದರೆ ಹಾಗೆ ಹೋದದ್ದು ಕಾರ್ನಿಯಾದ ವೈರಸ್ಸನ್ನು ತಡೆದರೆ ಎಸೈಕ್ಲೋವಿರ್ ಈಗ ಮಾಡುವ ಕೆಲಸವನ್ನೇ ಮಾಡಿದಂತಾಯಿತು. ಎಸೈಕ್ಲೋವಿರ್‌ಗೆ ಬಗ್ಗದ ತಳಿ ಇದ್ದರೆ ಅಷ್ಟೂ ಬೆಲೆಬಾಳುತ್ತದೆ, ನಿಜ. ನಮ್ಮ ರೋಗಿಗೆ ಆ ಮದ್ದು ನಾಟುತ್ತಿತ್ತು.

ಜೀನ್ ಆಧಾರಿತ ಔಷಧ ಕಣ್ಣಿನ ವೈರಸ್ಸಿಗೆ ಬಂದದ್ದು ಹೊಸದೇನಲ್ಲ ಎಂಬುದು ಮಗನಿಗೆ ಅಚ್ಚರಿ ತಂದಿತು. ಎಫ್‌ಡಿಎ ಒಪ್ಪಿದ ಮೊತ್ತಮೊದಲ ಆಂಟಿಸೆನ್ಸ್ ಔಷಧ ಫೋಮಿವಿರ್ಸೆನ್ ಬಂದದ್ದೇ ಕಣ್ಣಿಗಾಗಿ, 1998ರಲ್ಲಿ. ಏಡ್ಸ್ ರೋಗಿಗಳ ರೆಟಿನಾವನ್ನು ತಿನ್ನುವ ಸೈಟೋಮೆಗಾಲೋ ವೈರಸ್ಸಿನ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಳ್ಳುವ, 21 ಘಟಕಗಳ ಸಣ್ಣ ಎಳೆ ಅದು. ಅದನ್ನೂ ಹನಿಯಾಗಿ ಹಾಕಲಾಗಲಿಲ್ಲ, ಕಣ್ಣುಗುಡ್ಡೆಯೊಳಗೆ ಸೂಜಿಯಿಂದ ಕೊಡಬೇಕಿತ್ತು. ಎಚ್ಐವಿಗೆ ಒಳ್ಳೆಯ ಔಷಧಗಳು ಬಂದು ಆ ರೆಟಿನಾ ಸೋಂಕೇ ಅಪರೂಪವಾದಾಗ ಮಾರುಕಟ್ಟೆಯಿಂದ ಅದನ್ನು ಹಿಂದೆಗೆದುಕೊಂಡರು. 2006ರಲ್ಲಿ ಇಲಿಗಳ ಯೋನಿಗೆ ಸಣ್ಣ ಆರ್‌ಎನ್‌ಎಯನ್ನು ಕೊಬ್ಬಿನ ಕಣಗಳೊಂದಿಗೆ ಲೇಪಿಸಿ ಎರಡನೆಯ ಬಗೆಯ ಹರ್ಪಿಸ್ ತಡೆದ ಪ್ರಯೋಗವೂ ಆಗಿದೆ. ಅದರ ಗುರಿಗಳಲ್ಲಿಯೂ ಯುಎಲ್29 ಇತ್ತು. ದಾರಿ ಇದೆ. ಅದು ಇನ್ನೂ ರೋಗಿಯ ಹಾಸಿಗೆಯವರೆಗೆ ಬಂದಿಲ್ಲ.

ಮಧ್ಯವರ್ತಿಯ ವಿಷಯ ಬೇಗ ಮುಗಿಯಿತು. ಭಾರತದಲ್ಲಿ ಪ್ರಯೋಗಹಂತದ ಔಷಧವನ್ನು ಮನುಷ್ಯರಿಗೆ ಕೊಡಬೇಕಾದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ಸ್ ನಿಯಮಗಳ ಪ್ರಕಾರ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ, ನೈತಿಕ ಸಮಿತಿಯ ಒಪ್ಪಿಗೆ, ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐಯಲ್ಲಿ ನೋಂದಣಿ ಎಲ್ಲವೂ ಬೇಕು. ಐಸಿಎಂಆರ್ ಜೀನ್ ಚಿಕಿತ್ಸೆಗೆಂದೇ ಅದೇ ವರ್ಷ ಮಾರ್ಗಸೂಚಿ ತಂದಿದೆ. ನೋಂದಣಿ ಸಂಖ್ಯೆ ಕೇಳು ಎಂದು ಮಗನಿಗೆ ಹೇಳಿದೆ. ಅವನು ಅಲ್ಲಿಯೇ ಫೋನು ಮಾಡಿದ. ಆ ಕಡೆಯವನು ಸಂಖ್ಯೆ ಕೊಡುವ ಬದಲು ಮುಂಗಡವನ್ನು ಅರ್ಧಕ್ಕೆ ಇಳಿಸಿದ. ಚೀಟಿಯ ಹಣ ಉಳಿಯಿತು.

ಮಾತ್ರೆಯ ವರ್ಷ, ಮತ್ತು ಹಿಂಜರಿದ ಹನಿ

ಮೂರು ಸಲ ರೋಗ ಬಂದ ಕಣ್ಣಿಗೆ ತಡೆಗಟ್ಟುವ ಚಿಕಿತ್ಸೆ ಬೇಕೇ ಬೇಕು ಎಂಬುದು ನಮ್ಮ ತೀರ್ಮಾನವಾಗಿತ್ತು. ಎಸೈಕ್ಲೋವಿರ್ 400 ಮಿಲಿಗ್ರಾಂ ದಿನಕ್ಕೆರಡು ಬಾರಿ, ಒಂದು ವರ್ಷ. ಹರ್ಪೆಟಿಕ್ ಐ ಡಿಸೀಸ್ ಸ್ಟಡಿ ಎಂಬ ಅಮೆರಿಕದ ದೊಡ್ಡ ಅಧ್ಯಯನದ 1998ರ ವರದಿಯಂತೆ ಈ ಪ್ರಮಾಣದಿಂದ ಒಂದು ವರ್ಷದಲ್ಲಿ ಕಣ್ಣಿನ ಹರ್ಪಿಸ್ ಮರುಕಳಿಸುವುದು ಶೇ 32ರಿಂದ ಶೇ 19ಕ್ಕೆ ಇಳಿಯಿತು. ನೂರಕ್ಕೆ ಹತ್ತೊಂಬತ್ತು ಮಂದಿಗೆ ಮಾತ್ರೆ ನುಂಗುತ್ತಿದ್ದರೂ ಮರುಕಳಿಸಿತು ಎಂಬುದನ್ನೂ ತಂದೆ ಮಗ ಇಬ್ಬರಿಗೂ ಹೇಳಿದೆ.

ಹೇಳಿದ್ದು ಒಳ್ಳೆಯದಾಯಿತು. ಐದನೆಯ ತಿಂಗಳಲ್ಲಿ ಅವರು ಮತ್ತೆ ಮಸುಕು ಎಂದು ಬಂದರು. ಈ ಸಲ ಹುಣ್ಣಿರಲಿಲ್ಲ, ಬಣ್ಣ ಹಿಡಿಯಲಿಲ್ಲ. ಕಾರ್ನಿಯಾದ ನಡುಪದರ ಊದಿಕೊಂಡಿತ್ತು. ಉಳಿದ ವೈರಸ್ ಅಂಶಗಳ ಮೇಲೆ ದೇಹವೇ ಅತಿಯಾಗಿ ಎರಗುವ ಸ್ಟ್ರೋಮಲ್ ಕೆರಟೈಟಿಸ್ ಇದು. ಇದಕ್ಕೆ ಬೇಕಾದದ್ದು ಸ್ಟೀರಾಯ್ಡ್ ಹನಿ.

ರೋಗಿ ಕೈ ಮುಗಿದುಬಿಟ್ಟರು. "ಆ ಮದ್ದಿನಿಂದಲೇ ಕಣ್ಣು ಹೋಯಿತು ಎಂದು ನೀವೇ ಹೇಳಿದಿರಿ. ಮತ್ತೆ ಅದನ್ನೇ ಹಾಕು ಎನ್ನುತ್ತೀರಲ್ಲ?" ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ಈ ರೋಗದ ಅತ್ಯಂತ ಕಷ್ಟದ ಜಾಗ ಇದೇ ಎಂದು ನನಗೆ ಅನ್ನಿಸುತ್ತದೆ. ಜೀವಂತ ವೈರಸ್ಸು ಹೊರಪದರವನ್ನು ತಿನ್ನುವಾಗ ಸ್ಟೀರಾಯ್ಡ್ ಅದಕ್ಕೆ ಬಾಗಿಲು ತೆರೆಯುತ್ತದೆ. ಹೊರಪದರ ಮುಚ್ಚಿದ್ದು, ಒಳಗೆ ದೇಹದ ಸಿಟ್ಟೇ ಕಾರ್ನಿಯಾವನ್ನು ಕಲೆಗಟ್ಟಿಸುತ್ತಿರುವಾಗ, ವೈರಸ್ ಮದ್ದಿನ ಕಾವಲಿನೊಂದಿಗೆ ಅದೇ ಸ್ಟೀರಾಯ್ಡ್ ಕಣ್ಣನ್ನು ಉಳಿಸುತ್ತದೆ. ಅದೇ ಅಧ್ಯಯನ ಮಾಲಿಕೆಯಲ್ಲಿ ಸ್ಟ್ರೋಮಲ್ ಉರಿಯೂತ ಮುಂದುವರಿಯುವ ಅಪಾಯವನ್ನು ಸ್ಟೀರಾಯ್ಡ್ ಹನಿ ಶೇ 68ರಷ್ಟು ತಗ್ಗಿಸಿತ್ತು. ಸ್ಲಿಟ್ ಲ್ಯಾಂಪಿಗೆ ಜೋಡಿಸಿದ ಪರದೆಯಲ್ಲಿ ಎರಡೂ ಸಲದ ಚಿತ್ರ ತೋರಿಸಿದೆ. ಅಂದು ಹಸಿರಾಗಿ ಹೊಳೆದ ಜಾಗ ಇಂದು ಹೊಳೆಯುತ್ತಿಲ್ಲ ಎಂಬುದನ್ನು ಅವರು ತಮ್ಮ ಕಣ್ಣಾರೆ ನೋಡಿದ ಮೇಲೆಯೇ ಒಪ್ಪಿದರು. ಪ್ರೆಡ್ನಿಸೊಲೋನ್ ಹನಿಯನ್ನು ಹತ್ತು ವಾರಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸಿದೆವು, ಮಾತ್ರೆ ಮುಂದುವರಿಯಿತು, ಕಣ್ಣಿನ ಒತ್ತಡವನ್ನು ಪ್ರತಿ ಭೇಟಿಯಲ್ಲೂ ಅಳೆದೆವು. ಸೀಸೆಯ ಮೇಲೆ ಮಗ ಕನ್ನಡದಲ್ಲಿ ದಿನಾಂಕ, ಬಾರಿ ಬರೆದ ಚೀಟಿ ಅಂಟಿಸಿದ್ದ. ಉಳಿದ ಸೀಸೆಯನ್ನು ಕೋಣೆಯ ಜೊತೆಗಾರರು ಕೇಳಿದರೂ ಕೊಡಬಾರದು ಎಂದೂ ಅದರಲ್ಲಿತ್ತು. ಅದು ನಾನು ಹೇಳಿದ್ದಲ್ಲ, ಅವನೇ ಬರೆದದ್ದು.

ಈಗಿನ ಸ್ಥಿತಿ

ವರ್ಷ ತುಂಬಿದಾಗ ದೃಷ್ಟಿ 6/18. ಕಲೆ ಉಳಿದಿದೆ, ಸ್ಪರ್ಶ ಪೂರ್ತಿ ಮರಳಿಲ್ಲ. ಹಾಗಾಗಿ ಕಣ್ಣು ಒಣಗದಂತೆ ಕೃತಕ ಕಣ್ಣೀರಿನ ಹನಿ ಬಳಸುತ್ತಾರೆ. ಹೋಟೆಲಿನಲ್ಲಿ ಕಾವಲಿಯಿಂದ ಅವರನ್ನು ಬಿಡಿಸಿ ಹಿಟ್ಟು ರುಬ್ಬುವ, ಸಾಮಾನು ಲೆಕ್ಕ ನೋಡುವ ಕೆಲಸಕ್ಕೆ ಹಾಕಿದ್ದಾರೆ. ಕಾರ್ನಿಯಾ ಕಸಿಯ ಬಗ್ಗೆ ಮಗ ಕೇಳಿದ. ಎರಡೂ ಕಣ್ಣು ಸೇರಿ ದಿನದ ಕೆಲಸ ನಡೆಯುವಷ್ಟು ದೃಷ್ಟಿ ಇರುವಾಗ ಅವಸರ ಬೇಡ ಎಂಬುದು ನನ್ನ ಅಭಿಪ್ರಾಯ. ಕಸಿ ಮಾಡಿದ ಕಾರ್ನಿಯಾಕ್ಕೂ ನರಗಂಟಿನಿಂದಲೇ ವೈರಸ್ಸು ಇಳಿದು ಬರಬಲ್ಲದು.

ಜೀನ್ ಚಿಕಿತ್ಸೆಯ ಬಾಗಿಲನ್ನು ಮುಚ್ಚಿಲ್ಲ. ಮುಂಬಯಿಯ ಐಐಟಿ ಮತ್ತು ಟಾಟಾ ಮೆಮೋರಿಯಲ್ ನೆಲದಲ್ಲಿ ಬೆಳೆದ, ರೋಗಿಯದೇ ಪ್ರತಿರೋಧ ಕೋಶಗಳಿಗೆ ಜೀನ್ ಸೇರಿಸಿ ಕ್ಯಾನ್ಸರಿನ ವಿರುದ್ಧ ಬಿಡುವ ಕಾರ್-ಟಿ ಕೋಶ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು ಮಗನಿಗೆ ಗೊತ್ತು. ಸರಿಯಾದ ದಾರಿಯಲ್ಲಿ ಹೋದರೆ ಇಂಥದ್ದು ನಮ್ಮೂರಿನಲ್ಲೇ ಆಗುತ್ತದೆ ಎಂದು ಅವನು ತಂದೆಗೆ ಹೇಳುತ್ತಿದ್ದ. ಸಿಟಿಆರ್‌ಐ ಜಾಲತಾಣವನ್ನು ಆಗಾಗ ನೋಡುತ್ತಾನೆ. ಹರ್ಪಿಸ್ ಕೆರಟೈಟಿಸ್‌ಗೆ ನೋಂದಾಯಿತ ಪ್ರಯೋಗ ಬಂದರೆ ನನಗೆ ತಿಳಿಸಬೇಕು, ಮದ್ದು ನರಗಂಟನ್ನು ತಲುಪುತ್ತದೆ ಎನ್ನಲು ಏನು ಆಧಾರ ಕೊಟ್ಟಿದ್ದಾರೆ, ಹೋಲಿಕೆಯ ಗುಂಪು ಇದೆಯೇ ಎಂಬುದನ್ನು ಇಬ್ಬರೂ ಕುಳಿತು ಓದಬೇಕು ಎಂದು ಮಾತಾಗಿದೆ.

ಮಾತ್ರೆ ನಿಲ್ಲಿಸಬಹುದೇ ಎಂದು ರೋಗಿ ಕಳೆದ ಭೇಟಿಯಲ್ಲಿ ಕೇಳಿದರು. ಅದೇ ಅಧ್ಯಯನದಲ್ಲಿ ಮಾತ್ರೆ ನಿಲ್ಲಿಸಿದ ಮೇಲೆ ಅದರ ರಕ್ಷಣೆ ಉಳಿಯಲಿಲ್ಲ. ಸ್ಟ್ರೋಮಲ್ ಉರಿಯೂತ ಬಂದು ಹೋದ ಕಣ್ಣಾದ್ದರಿಂದ ಇನ್ನೊಂದು ವರ್ಷ ಮುಂದುವರಿಸೋಣ ಎಂದೆ. ಅವರು ಒಪ್ಪಿದ್ದಾರೆ. ಮುಂದಿನ ಸಲ ಬರುವಾಗ ಕ್ರಿಯೇಟಿನಿನ್ ವರದಿ ತರಲು ಬರೆದುಕೊಟ್ಟಿದ್ದೇನೆ.